ಹತ್ತು ಮತ್ತು ಇಪ್ಪತ್ತು

ಹಳೆಯ ಮೇಲ್ ಸರ್ವರಿನ ಪೆಟ್ಟಿಗೆಗಳಲ್ಲಿ ಒಟ್ಟು ಅರವತ್ತಮೂರು ಮೇಲ್‌ಗಳಿದ್ದವು. ಒಂದೂ ಇರಬಾರದಿತ್ತು. ಅವನು ಕನ್ನಡಕ ತೆಗೆದು, ಅಂಗಿಯ ಅಂಚಿನಿಂದ ಒರೆಸಿ, ಮತ್ತೆ ಹಾಕಿಕೊಂಡು ನೋಡಿದ. ಕನ್ನಡಕ ಒರೆಸಿದರೆ ಅರವತ್ತಮೂರು ಸೊನ್ನೆಯಾಗುತ್ತದೆ ಎಂದು ಯಾವ ದಡ್ಡನೂ ನಂಬುವುದಿಲ್ಲ. ಹನ್ನೊಂದು ವರ್ಷ ಮೇಲ್ ಸರ್ವರುಗಳನ್ನು ನೋಡಿಕೊಳ್ಳುವ ಕೆಲಸ ಮಾಡಿದ ಅವನು ಆ ಗಳಿಗೆಗೆ ನಂಬಿದ್ದ. ಬೆಳಿಗ್ಗೆ ಹತ್ತೂವರೆ. ದೂರಿನ ಫೋನುಗಳನ್ನು ತೆಗೆದುಕೊಳ್ಳುವ ಪಕ್ಕದ ಮೇಜಿನವಳು ಉಗುರು ಕತ್ತರಿಸಿಕೊಳ್ಳುತ್ತ ಯಾರಿಗೋ ಸಮಾಧಾನ ಹೇಳುತ್ತಿದ್ದಳು. ಗೋಡೆಯ ಏಸಿಯಿಂದ ನೀರು ಕೆಳಗಿಟ್ಟ ಬಕೆಟ್ಟಿಗೆ ತೊಟ್ಟಿಕ್ಕುತ್ತಿತ್ತು. ಎಲ್ಲವೂ ನಿನ್ನೆಯಂತೆಯೇ ಇತ್ತು, ಅದನ್ನೇ ಅವನಿಗೆ ತಡೆದುಕೊಳ್ಳಲಾಗಲಿಲ್ಲ.

ಆ ಸರ್ವರನ್ನು ಅವನು ತೆರೆದದ್ದೇ ಅದಕ್ಕೆ ಕೊನೆಯ ನಮಸ್ಕಾರ ಹಾಕುವುದಕ್ಕೆ. ಸಂಜೆ ಐದಕ್ಕೆ ಅದರ ಬಾಡಿಗೆಯ ಅವಧಿ ಮುಗಿಯುತ್ತಿತ್ತು. ಆಮೇಲೆ ಅದರಲ್ಲಿರುವುದನ್ನೆಲ್ಲ ಅದರ ಮಾಲೀಕರು ಅಳಿಸಿ, ಇನ್ಯಾರಿಗೋ ಕೊಡುತ್ತಾರೆ. ಹೆತ್ತವರಿಲ್ಲದ ಮಕ್ಕಳನ್ನು ಸಾಕಿ, ಮಕ್ಕಳಿಲ್ಲದವರಿಗೆ ದತ್ತು ಕೊಡುವ ಒಂದು ಮಕ್ಕಳ ಮನೆಯ ಮೇಲ್‌ಗಳು ಏಳು ವರ್ಷ ಅದರಲ್ಲಿದ್ದವು. ಎರಡು ತಿಂಗಳ ಹಿಂದೆ ಅವನ್ನು ಹೊಸ ಸರ್ವರಿಗೆ ಸಾಗಿಸಿದವನು ಇವನೇ. ಸಾಗಿಸಿದ ಮೇಲೆ ಆ ಮಕ್ಕಳ ಮನೆಯ ಕಾರ್ಯದರ್ಶಿ, ವಯಸ್ಸಾದ ಹೆಂಗಸು, ಎರಡು ಸಲ ಫೋನ್ ಮಾಡಿದ್ದರು. ಕೆಲವು ಬರುತ್ತವೆ, ಕೆಲವು ಬರುವುದಿಲ್ಲ, ಒಬ್ಬ ಡಾಕ್ಟರು ರಿಪೋರ್ಟ್ ಕಳಿಸಿದೆ ಎನ್ನುತ್ತಾರೆ, ನನಗೆ ಕಾಣುತ್ತಿಲ್ಲ ಎಂದಿದ್ದರು. ಇವನು ಎರಡು ಸಲವೂ ನಗುತ್ತ, ನಮ್ಮ ಕಡೆಯಿಂದ ಏನೂ ತೊಂದರೆಯಿಲ್ಲ ಮೇಡಂ, ಡಾಕ್ಟರಿಗೆ ಅಡ್ರೆಸ್ ಸರಿಯಾಗಿ ಟೈಪ್ ಮಾಡಲು ಹೇಳಿ ಎಂದಿದ್ದ. ಆ ನಗು ಈಗ ಅವನಿಗೇ ಕೇಳಿಸಿತು, ಯಾರೋ ಬೇರೆಯವರ ನಗುವಿನ ಹಾಗೆ.

ಸರಿ, ಆದದ್ದೇನು? ಒಂದು ಸಂಸ್ಥೆಗೆ ಬರುವ ಮೇಲ್ ಯಾವ ಬಾಗಿಲು ತಟ್ಟಬೇಕೆಂದು ಲೋಕಕ್ಕೆಲ್ಲ ಹೇಳುವ ಒಂದು ಪಟ್ಟಿ ಇರುತ್ತದೆ. ಪಟ್ಟಿಯಲ್ಲಿ ಪ್ರತಿ ಸರ್ವರಿನ ಪಕ್ಕದಲ್ಲೂ ಒಂದು ನಂಬರು. ಚಿಕ್ಕ ನಂಬರಿನ ಬಾಗಿಲನ್ನು ಮೊದಲು ತಟ್ಟಬೇಕು, ಅದು ತೆರೆಯದಿದ್ದರೆ ಮುಂದಿನ ನಂಬರಿಗೆ ಹೋಗಬೇಕು. ಇವನು ಹೊಸ ಸರ್ವರಿಗೆ ಹತ್ತು ಕೊಟ್ಟ, ಹಳೆಯದಕ್ಕೆ ಇಪ್ಪತ್ತು. ಹಳೆಯದನ್ನು ಪಟ್ಟಿಯಿಂದ ತೆಗೆದೇ ಹಾಕಬಹುದಿತ್ತು. ಇರಲಿ ಎಂದುಕೊಂಡ. ಅವನ ಬಾಳೆಲ್ಲ ಈ ಇರಲಿ ಎನ್ನುವುದರಲ್ಲೇ ಕಳೆದಿದೆ. ಚೀಲದಲ್ಲಿ ಎರಡು ಕೊಡೆ, ಬಾಡಿಗೆ ಕೋಣೆಗೆ ಮೂರು ಬೀಗದ ಕೈ, ಬೆಳಿಗ್ಗೆ ಏಳುವುದಕ್ಕೆ ಒಂದು ಫೋನು ಒಂದು ಗಡಿಯಾರ. ಆಫೀಸಿನಲ್ಲಿ ಎಲ್ಲರೂ ಅವನನ್ನು ಪೋಸ್ಟ್‌ಮಾಸ್ಟರು ಎಂದು ಕರೆದು, ಪೋಸ್ಟ್‌ಮಾಸ್ಟರಿಗೆ ಒಂದು ಹೆಂಡತಿ ಸಿಗದಿರುವುದು ಒಳ್ಳೆಯದೇ ಆಯಿತು, ಸಿಕ್ಕಿದ್ದರೆ ಇನ್ನೊಂದು ಕೇಳುತ್ತಿದ್ದರು ಎಂದು ನಗುತ್ತಿದ್ದರು. ಅವನೂ ಅವರ ಜೊತೆ ನಗುತ್ತಿದ್ದ. ಹೊಸ ಸರ್ವರಿಗೆ ಅವನು ಒಂದು ಉಪಾಯ ಕಲಿಸಿದ್ದ: ಗುರುತಿಲ್ಲದವರು ಮೊದಲ ಸಲ ಬಂದರೆ, ಸ್ವಲ್ಪ ಹೊತ್ತು ಬಿಟ್ಟು ಬಾ ಎನ್ನಬೇಕು. ಕಸದ ಮೇಲ್ ಕಳಿಸುವ ಕಳ್ಳರಿಗೆ ತಾಳ್ಮೆ ಇರುವುದಿಲ್ಲ, ತಿರುಗಿ ಬರುವುದಿಲ್ಲ, ಸಂಭಾವಿತರು ಬರುತ್ತಾರೆ. ಸಂಭಾವಿತರು ಮಾಡಿದ್ದೇನೆಂದರೆ, ಹತ್ತನೆಯ ನಂಬರು ತೆರೆಯಲಿಲ್ಲವೆಂದು ಇಪ್ಪತ್ತಕ್ಕೆ ಹೋದರು. ಈ ಮನೆ ಇನ್ನು ನಿನ್ನದಲ್ಲ, ಬಂದದ್ದನ್ನು ಹೊಸದಕ್ಕೆ ದಾಟಿಸು ಎಂದು ಹಳೆಯ ಸರ್ವರಿಗೆ ಒಂದು ಸಾಲು ಬರೆಯಬೇಕಿತ್ತು, ಅವನು ಬರೆದಿರಲಿಲ್ಲ. ಆದ್ದರಿಂದ ಅದು ತಾನೇ ಯಜಮಾನನೆಂದು ಬಂದದ್ದನ್ನೆಲ್ಲ ತೆಗೆದುಕೊಂಡು, ಕಳಿಸಿದವರಿಗೆ ತಲುಪಿತು ಎಂದು ಹೇಳಿ, ಯಾರೂ ತೆರೆದು ನೋಡದ ಹಳೆಯ ಪೆಟ್ಟಿಗೆಗಳಲ್ಲಿ ಜೋಡಿಸಿಟ್ಟಿತು. ಮೊದಲಿಂದ ಬರೆಯುತ್ತಿದ್ದವರದು ಸರಿಯಾಗಿ ಬರುತ್ತಿತ್ತು. ಮೊದಲ ಸಲ ಬರೆದವರದು ಮಾತ್ರ ಇಲ್ಲಿ ಬಿತ್ತು.

ಅವನು ಪಟ್ಟಿಯನ್ನು ಕೆಳಗಿಳಿಸುತ್ತ ಹೋದ. ಡಾಕ್ಟರಿನ ರಿಪೋರ್ಟು ಮೂರು ಸಲ ಬಂದಿತ್ತು. ಒಂದು ಶಾಲೆಯವರು ಬರೆದಿದ್ದರು. ಹಳೆಯ ಬಟ್ಟೆ ಕೊಡುತ್ತೇವೆಂದು ಯಾರೋ. ಆಮೇಲೆ ಹನ್ನೊಂದನೆಯ ತಾರೀಖು, ಬೆಳಿಗ್ಗೆ, ನೀರು ಸರಬರಾಜು ಕಚೇರಿಯ ವಿಳಾಸದಿಂದ, ಅವನ ಭಾವನ ಹೆಸರಿನಲ್ಲಿ, ನಾಲ್ಕೈದು ಸಾಲಿನಷ್ಟು ಚಿಕ್ಕದಾದ ಒಂದು ಮೇಲ್. ವಿಷಯ: ತಮ್ಮ ಪತ್ರಕ್ಕೆ ಉತ್ತರ. ಪಟ್ಟಿಯ ಮುಂದಿನ ಸಾಲುಗಳು ಕಣ್ಣಿಗೆ ಕಂಡರೂ ಒಳಗೆ ಹೋಗಲಿಲ್ಲ. ಪಕ್ಕದ ಮೇಜಿನವಳು, ಏನು ಪೋಸ್ಟ್‌ಮಾಸ್ಟರೇ, ಮುಖ ಹೀಗಾಗಿದೆ, ಬೆಳಿಗ್ಗೆ ಏನೂ ತಿನ್ನಲಿಲ್ವಾ ಎಂದಳು. ತಿಂದೆ, ತಿಂದೆ ಎಂದು ಎರಡು ಸಲ ಹೇಳಿದ.

ಅಕ್ಕ ಮತ್ತು ಭಾವ ಆ ಮಕ್ಕಳ ಮನೆಯಲ್ಲಿ ಹೆಸರು ಬರೆಸಿ ಐದು ವರ್ಷವಾಗಿತ್ತು. ಅಕ್ಕ ದೊಡ್ಡ ಆಸ್ಪತ್ರೆಯಲ್ಲಿ ನರ್ಸು. ಒಂದು ವಾರ ಹಗಲು ಪಾಳಿಯಾದರೆ ಇನ್ನೊಂದು ವಾರ ರಾತ್ರಿ ಪಾಳಿ, ಇಪ್ಪತ್ತು ವರ್ಷದಿಂದ ಬೇರೆಯವರ ಮಕ್ಕಳ ಜ್ವರ ನೋಡಿದವಳು. ಎರಡು ತಿಂಗಳ ಹಿಂದೆ ಅವರ ಸರದಿ ಬಂತು. ನಾಲ್ಕು ವರ್ಷದ ಹೆಣ್ಣುಮಗು, ಅಂಚೆಯಲ್ಲಿ ಒಂದು ಫೋಟೋ, ಜೊತೆಗೆ ನಿಯಮ: ಮೊದಲ ಅರ್ಜಿದಾರರು ಹದಿನೈದು ದಿನದೊಳಗೆ ಈ ಮೇಲ್ ವಿಳಾಸಕ್ಕೆ ಒಪ್ಪಿಗೆಯನ್ನೋ ನಿರಾಕರಣೆಯನ್ನೋ ಬರೆಯತಕ್ಕದ್ದು. ಬರೆಯದಿದ್ದರೆ ಮಗು ಮುಂದಿನ ಕುಟುಂಬಕ್ಕೆ ಹೋಗುತ್ತದೆ. ಮೊದಲ ಅರ್ಜಿದಾರ ಭಾವ. ಹನ್ನೊಂದನೆಯ ತಾರೀಖು ಆಫೀಸಿನಿಂದ ಕಳಿಸಿದೆ ಎಂದು ಅವರು ಮನೆಗೆ ಬಂದು ಹೇಳಿದರು. ಅಕ್ಕ ಮಂಚದ ಪಕ್ಕದಲ್ಲಿ ಇನ್ನೊಂದು ಮಂಚಕ್ಕೆ ಜಾಗ ಅಳೆದಳು. ತಿಂಗಳ ಕೊನೆಗೆ ಇನ್ನೊಂದು ಕಾಗದ ಬಂತು: ತಮ್ಮಿಂದ ಯಾವುದೇ ಉತ್ತರ ಬಾರದ ಕಾರಣ. ಅಷ್ಟೇ. ಭಾವ ಕಳಿಸಿದೆ ದೇವರಾಣೆ ಎಂದರು. ತೋರಿಸಿ ಎಂದರೆ, ಆಫೀಸಿನ ಕಂಪ್ಯೂಟರಿನಲ್ಲಿ ಹಳೆಯದೆಲ್ಲ ತಾನಾಗಿ ಅಳಿಸಿ ಹೋಗುತ್ತದೆ ಎಂದರು. ಅಕ್ಕ ಫೋನ್ ಮಾಡಿದ್ದು ತಮ್ಮನಿಗೆ. ಆ ಮಕ್ಕಳ ಮನೆಯ ಮೇಲ್ ನೋಡಿಕೊಳ್ಳುವವನು ನೀನೇ ಅಲ್ಲವೇನೋ, ನೋಡಿ ಹೇಳು ಎಂದಳು.

ಅವನು ನೋಡಿದ. ಹೊಸ ಸರ್ವರಿನಲ್ಲಿ ಆ ಹದಿನೈದು ದಿನ ಬಂದ ಮೇಲ್‌ಗಳ ದಾಖಲೆಯನ್ನು ಸಾಲು ಸಾಲಾಗಿ ನೋಡಿದ. ಇರಲಿಲ್ಲ. ಅಕ್ಕನ ಮನೆಗೆ ತಾನೇ ಹೋಗಿ, ಭಾವ ಎದುರಿಗೆ ಕೂತಿರುವಾಗಲೇ, ಊಟದ ತಟ್ಟೆಯ ಮುಂದೆ, ಭಾವ ಕಳಿಸಿಲ್ಲ ಅಕ್ಕ, ಕಳಿಸಿದ್ದರೆ ಕಾಣಿಸಲೇಬೇಕು, ನಮ್ಮಲ್ಲಿ ಒಂದು ಮೇಲ್ ಕೂಡ ಕಳೆಯುವುದಿಲ್ಲ ಎಂದ. ಅಕ್ಕ, ಖಂಡಿತವಾ ಎಂದಳು. ಖಂಡಿತ ಎಂದ. ಭಾವ ಕಲಸಿದ ತುತ್ತು ಕೈಯಲ್ಲಿ ಹಿಡಿದುಕೊಂಡೇ, ನಾನು ಕಳಿಸಿದ್ದು ನಿಜ ಎಂದರು. ಅದಕ್ಕೆ ಇವನು, ದೂರು ಹೇಳುವವರ ಮುಂದೆ ನಗುವ ಅದೇ ನಗು ನಕ್ಕು, ಎಲ್ಲರೂ ಹಾಗೇ ಹೇಳ್ತಾರೆ ಭಾವ ಎಂದಿದ್ದ. ಹೇಳುವಾಗ ಅವನಿಗೆ ಖುಷಿಯಾಗಿತ್ತು. ಈಗ ಬಕೆಟ್ಟಿಗೆ ಬೀಳುವ ಹನಿ ಎಣಿಸುತ್ತ ಕೂತಾಗ ನೆನಪಾದದ್ದು ಆ ಖುಷಿಯೇ. ಅಕ್ಕನ ಮನೆಯಲ್ಲಿ ಹದಿನಾಲ್ಕು ವರ್ಷದಿಂದ ಭಾವ ಹೇಳಿದ್ದೇ ಕೊನೆಯ ಮಾತು. ಆವತ್ತು ಒಂದು ರಾತ್ರಿ ಇವನದು ಕೊನೆಯ ಮಾತಾಗಿತ್ತು. ಭಾವ ತುತ್ತನ್ನು ತಟ್ಟೆಯಲ್ಲೇ ಬಿಟ್ಟು ಕೈ ತೊಳೆದುಕೊಂಡಿದ್ದರು. ಅಂದಿನಿಂದ ಅಕ್ಕ ಅವರ ಜೊತೆ ಮಾತಾಡಿಲ್ಲ.

ಮೇಲ್ ತೆರೆದು ಓದುವುದು ಅವನಿಗೆ ಒಂದು ಬೆರಳಿನ ಕೆಲಸ. ಓದಲಿಲ್ಲ. ಹನ್ನೊಂದು ವರ್ಷದಲ್ಲಿ ಯಾರದೂ ಓದಿರಲಿಲ್ಲ. ಯಾರಿಂದ, ಯಾರಿಗೆ, ಯಾವಾಗ, ಎಷ್ಟು ದೊಡ್ಡದು, ಇಷ್ಟು ನೋಡುವುದು, ಒಳಗೆ ಕಣ್ಣು ಹಾಕುವುದಿಲ್ಲ. ತನ್ನಲ್ಲಿ ಉಳಿದಿರುವ ಮರ್ಯಾದೆ ಇದೊಂದೇ ಎಂದು ಅವನಿಗೆ ಅನ್ನಿಸಿ, ಅದನ್ನು ಹಿಡಿದುಕೊಂಡು ಎದ್ದ. ಯಜಮಾನರ ಕೋಣೆಯ ಮುಂದೆ ನಿಂತು, ಹೊಟ್ಟೆ ಸರಿಯಿಲ್ಲ, ಸ್ವಲ್ಪ ಹೊತ್ತು ಹೊರಗೆ ಹೋಗಿ ಬರುತ್ತೇನೆ ಎಂದ. ಅವರು ಕಂಪ್ಯೂಟರಿನಿಂದ ಕಣ್ಣೆತ್ತದೆ, ಐದರೊಳಗೆ ಆ ಹಳೇ ಸರ್ವರ್ ಕತೆ ಮುಗಿಸಪ್ಪ, ಆಮೇಲೆ ಅದು ಬೇಕಿತ್ತು ಇದು ಬೇಕಿತ್ತು ಅನ್ನಬೇಡ ಎಂದರು. ಮುಗಿಸುತ್ತೇನೆ ಸರ್ ಎಂದ. ಸುಮ್ಮನಿದ್ದರೂ ಮುಗಿಯುತ್ತದೆ ಎಂಬುದು ಅವನ ತಲೆಗೆ ಹೊಳೆದದ್ದು ಮೆಟ್ಟಿಲಿಳಿಯುವಾಗ. ಐದು ಗಂಟೆಯವರೆಗೆ ಎಲ್ಲಾದರೂ ಚಹಾ ಕುಡಿಯುತ್ತ ಕೂತರೆ ಸಾಕು. ಅರವತ್ತಮೂರೂ ಹೋಗುತ್ತವೆ, ಲೋಕದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ, ಭಾವ ಸುಳ್ಳುಗಾರರಾಗಿ ಉಳಿಯುತ್ತಾರೆ, ಅವನು ಅಕ್ಕನ ತಮ್ಮನಾಗಿ ಉಳಿಯುತ್ತಾನೆ. ಬಸ್‌ಸ್ಟಾಪಿನವರೆಗೂ ಆ ಯೋಚನೆ ಅವನ ಜೊತೆಗೇ ಬಂತು. ಅದನ್ನು ಓಡಿಸಿದೆ ಎಂದು ಅವನು ಹೇಳಿಕೊಳ್ಳುವ ಹಾಗಿಲ್ಲ. ಬಸ್ಸು ಬಂತು, ಹತ್ತಿದ, ಅಷ್ಟೇ.

ಬಸ್ಸಿನಲ್ಲಿ ಎದುರಿನ ಸೀಟಿನ ಹೆಂಗಸೊಬ್ಬಳು ಮಗನ ಅಂಗಿಯ ಗುಂಡಿಗಳನ್ನು ತಪ್ಪು ಕಾಜದಿಂದ ಬಿಚ್ಚಿ ಸರಿಯಾಗಿ ಹಾಕುತ್ತಿದ್ದಳು. ಅಕ್ಕನಿಗೂ ಅವನಿಗೂ ಒಂಬತ್ತು ವರ್ಷದ ಅಂತರ. ಅವ್ವ ಹೋದ ಮೇಲೆ ಅವನ ಗುಂಡಿ ಹಾಕಿದ್ದು, ಉಗುರು ತೆಗೆದದ್ದು, ಪುಸ್ತಕಕ್ಕೆ ಹೊದಿಕೆ ಹಾಕಿದ್ದು ಅವಳೇ. ನರ್ಸಿಂಗ್ ಓದುವಾಗ ಬಿಳಿ ಬಟ್ಟೆಯಲ್ಲೇ ಅವನ ಶಾಲೆಯ ಗೇಟಿಗೆ ಬಂದು, ಬಿಸಿಲಲ್ಲಿ ಕೈ ಅಡ್ಡ ಹಿಡಿದು ನಿಂತಿರುತ್ತಿದ್ದಳು. ಅವನಿಗೆ ಹನ್ನೆರಡು ವರ್ಷ. ಹೊಸದಾಗಿ ಸ್ನೇಹವಾದ ದೊಡ್ಡ ಮನೆಯ ಹುಡುಗರು, ಯಾರೋ ಅದು ಎಂದು ಕೇಳಿದರು. ನಮ್ಮ ಪಕ್ಕದ ಮನೆಯವರು ಎಂದುಬಿಟ್ಟ. ಅವಳಿಗೆ ಕೇಳಿಸಿತೋ ಇಲ್ಲವೋ ಇವತ್ತಿಗೂ ಅವನಿಗೆ ಗೊತ್ತಿಲ್ಲ. ಆವತ್ತು ದಾರಿಯಲ್ಲಿ ಅವಳು ಅವನ ಚೀಲವನ್ನು ಎಂದಿನಂತೆ ತಾನೇ ಹೊತ್ತುಕೊಂಡಳು, ಆದರೆ ನಾಲ್ಕು ಹೆಜ್ಜೆ ಹಿಂದೆ ನಡೆದಳು. ಕಂಡಕ್ಟರು ಭುಜ ತಟ್ಟಿ, ಸ್ವಾಮಿ ಎಲ್ಲಿಗೆ ಎಂದು ಮೂರನೆಯ ಸಲ ಕೇಳಿದ.

ನೀರು ಸರಬರಾಜು ಕಚೇರಿಯಲ್ಲಿ ಮಧ್ಯಾಹ್ನದ ಬಿಡುವು. ಭಾವ ಮೀಟರ್ ದೂರುಗಳ ವಿಭಾಗದಲ್ಲಿ, ಎರಡು ಕಬ್ಬಿಣದ ಕಪಾಟುಗಳ ಮಧ್ಯೆ, ಡಬ್ಬಿ ತೆರೆದು ಒಬ್ಬರೇ ತಿನ್ನುತ್ತಿದ್ದರು. ಇವನನ್ನು ಕಂಡು ಡಬ್ಬಿಯ ಮುಚ್ಚಳ ಹಾಕಿದರು. ಇಲ್ಲಿ ಬೇಡ ಎಂದು ಹಿಂದಿನ ಮೆಟ್ಟಿಲಿಗೆ ಕರೆದುಕೊಂಡು ಹೋದರು. ಮುರಿದ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟ ಜಾಗ.

"ಭಾವ, ನಿಮ್ಮ ಮೇಲ್ ಸಿಕ್ಕಿತು," ಎಂದ.

ಭಾವ ಸಿಟ್ಟಾಗುತ್ತಾರೆ, ಬೈಯುತ್ತಾರೆ, ಒಂದು ಏಟು ಕೊಟ್ಟರೂ ಕೊಟ್ಟಾರು ಎಂದುಕೊಂಡಿದ್ದ. ಕೊನೆಗೂ ತಾನು ಸುಳ್ಳುಗಾರನಲ್ಲವೆಂದು ತಿಳಿಯಿತಲ್ಲ ಎಂದು ಅವರ ಕಣ್ಣಲ್ಲಿ ನೀರು ಬಂದೀತು ಎಂದೂ ಅಂದುಕೊಂಡಿದ್ದ. ಅವರ ಮುಖದಲ್ಲಿ ಹೆದರಿಕೆ ಬಂತು. ಓದಿದೆಯಾ ಎಂದರು. ಇಲ್ಲ, ನಾವು ಓದುವುದಿಲ್ಲ ಎಂದ. ನಿಮ್ಮಕ್ಕನಿಗೆ ಹೇಳಿದೆಯಾ ಎಂದರು. ಇನ್ನೂ ಇಲ್ಲ, ಮೊದಲು ನಿಮ್ಮ ಕಾಲು ಹಿಡಿಯೋಣ ಅಂತ ಬಂದೆ ಎಂದು, ಹತ್ತು, ಇಪ್ಪತ್ತು, ಮರೆತ ಸಾಲು ಎಲ್ಲವನ್ನೂ ಒಂದೇ ಉಸಿರಿಗೆ ಹೇಳತೊಡಗಿದ. ಭಾವ ಅರ್ಧಕ್ಕೇ ಮೆಟ್ಟಿಲ ಮೇಲೆ ಕೂತುಬಿಟ್ಟರು.

"ಬೇಡ ಅಂತ ಬರೆದಿದ್ದೆ," ಎಂದರು.

"ಏನು ಬೇಡ?"

"ಮಗು. ಮಗು ಬೇಡ ಅಂತ ಬರೆದಿದ್ದೆ ಕಣಪ್ಪ."

ಕೆಳಗಿನ ಅಂಗಳದಲ್ಲಿ ಯಾರೋ ಸ್ಕೂಟರು ಒದೆಯುತ್ತಿದ್ದರು, ಅದು ಸ್ಟಾರ್ಟ್ ಆಗುತ್ತಿರಲಿಲ್ಲ. ಭಾವ ನೆಲ ನೋಡುತ್ತಲೇ ಹೇಳಿದರು. ಫೋಟೋ ಬಂದ ದಿನ ಅಕ್ಕ ಅದನ್ನು ಕನ್ನಡಿಯ ಅಂಚಿಗೆ ಸಿಕ್ಕಿಸಿದಳಂತೆ. ಗಡ್ಡ ಹೆರೆದುಕೊಳ್ಳುವಾಗೆಲ್ಲ ಆ ಮಗು ಅವರನ್ನೇ ನೋಡುತ್ತಿತ್ತಂತೆ. ತನಗೆ ಐವತ್ತಾಗುತ್ತ ಬಂತು, ಇದನ್ನು ಪ್ರೀತಿಸುವುದಕ್ಕೆ ಆಗದೆ ಹೋದರೆ ಏನು ಮಾಡಲಿ, ಅದಕ್ಕೆ ಗೊತ್ತಾಗಿಬಿಟ್ಟರೆ ಏನು ಮಾಡಲಿ ಎಂದು ಹದಿನೈದು ದಿನದಲ್ಲಿ ಹತ್ತು ದಿನ ನಿದ್ದೆಯಿಲ್ಲ. ಅಕ್ಕನಿಗೆ ಹೇಳುವುದಕ್ಕೆ ಬಾಯಿ ಬರಲಿಲ್ಲ. ಹನ್ನೊಂದನೆಯ ತಾರೀಖು ಆಫೀಸಿಗೆ ಬಂದು ಕೂತವರೇ ನಾಲ್ಕು ಸಾಲು ಬರೆದು ಕಳಿಸಿ, ತಮ್ಮಲ್ಲಿದ್ದ ಪ್ರತಿಯನ್ನು ಅಳಿಸಿ ಹಾಕಿದರು. ಮಕ್ಕಳ ಮನೆಯವರು ನಿರಾಕರಣೆ ಬಂದಿದೆ ಎಂದು ಬರೆದರೆ ಆಮೇಲೆ ನೋಡಿಕೊಳ್ಳೋಣ ಎಂದುಕೊಂಡರು. ಬಂದ ಕಾಗದದಲ್ಲಿ ಉತ್ತರವೇ ಬಂದಿಲ್ಲ ಎಂದಿತ್ತು. ಅದೇಕೆ ಹಾಗೆ ಎಂದು ಅವರು ಯಾರನ್ನು ಕೇಳಬೇಕು? ಕಳಿಸಿದ್ದಂತೂ ನಿಜ ತಾನೇ, ದೇವರಾಣೆ ಎಂದದ್ದು ಸುಳ್ಳಲ್ಲವಲ್ಲ ಎಂದು ಆ ಒಂದು ಎಳೆ ಹಿಡಿದುಕೊಂಡೇ ಇಷ್ಟು ದಿನ ಇದ್ದಾರಂತೆ. ಈಗ ಬೆಳಿಗ್ಗೆ ಕನ್ನಡಿಯಲ್ಲಿ ಫೋಟೋ ಇಲ್ಲ, ಅಕ್ಕ ತೆಗೆದಿದ್ದಾಳೆ. ಆದರೂ ಅಲ್ಲಿಗೇ ಕಣ್ಣು ಹೋಗುತ್ತದೆ. ಆ ಮಗು ಈಗ ಬಂದರೆ ಎತ್ತಿಕೊಳ್ಳುತ್ತೇನೆ, ಈಗ ಬರುವುದಿಲ್ಲ ಎಂದರು.

ಇವನಿಗೆ ಮೊದಲು ಆದದ್ದು, ಹೇಳುವುದಕ್ಕೇ ನಾಚಿಕೆ, ನಿರಾಳ. ಬೆಳಿಗ್ಗೆ ಹತ್ತೂವರೆಯಿಂದ ಹಿಡಿದಿಟ್ಟ ಉಸಿರು ಒಮ್ಮೆಗೇ ಹೊರಗೆ ಬಂತು. ಹಾಗಾದರೆ ನನ್ನಿಂದ ಏನೂ ಆಗಲಿಲ್ಲ! ಮೇಲ್ ತಲುಪಿದ್ದರೂ ಮಗು ಹೋಗುತ್ತಿತ್ತು, ತಲುಪದಿದ್ದರೂ ಹೋಯಿತು. ಹತ್ತೋ ಇಪ್ಪತ್ತೋ, ಯಾವ ಬಾಗಿಲಾದರೇನು. ನಗು ಬಂತು, ಅದನ್ನು ಕೆಮ್ಮಿನಲ್ಲಿ ಮುಚ್ಚಿಕೊಂಡ. ಅದರ ಹಿಂದೆಯೇ ಸಿಟ್ಟು ಬಂತು: ಅಕ್ಕನಿಗೆ ಹೀಗೆ ಮಾಡಿದಿರಾ? ಅದರ ಹಿಂದೆ, ಎಲ್ಲಕ್ಕಿಂತ ಸಿಹಿಯಾಗಿ, ಒಂದು ಚಿತ್ರ. ಅವನು ಅಕ್ಕನ ಮುಂದೆ ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದಾನೆ, ಅವಳು ಅವನ ತಲೆ ನೇವರಿಸಿ, ನೀನೊಬ್ಬ ಇದ್ದೀಯಲ್ಲ ನನಗೆ ಎನ್ನುತ್ತಿದ್ದಾಳೆ. ಸತ್ಯ ಹೇಳಿದ ಹಾಗೂ ಆಯಿತು, ತನ್ನ ತಪ್ಪು ಯಾವ ಲೆಕ್ಕಕ್ಕೂ ಬರದೆ ಹೋದ ಹಾಗೂ ಆಯಿತು.

"ಹೇಳಿಬಿಡು," ಎಂದರು ಭಾವ. "ನನ್ನ ಕೈಲಿ ಆಗ್ತಿಲ್ಲ. ದಿನಾ ಬೆಳಿಗ್ಗೆ ಹೇಳೋಣ ಅಂತ ಏಳ್ತೀನಿ, ಅವಳ ಮುಖ ನೋಡಿ ಹಲ್ಲುಜ್ಜೋಕೆ ಹೋಗ್ತೀನಿ. ನೀನೇ ಹೇಳಿಬಿಡು."

ಹೇಳುತ್ತೇನೆ ಎಂದ. ಅವರು ಬೇಡ ಎಂದು ಕೈ ಮುಗಿದಿದ್ದರೆ ಅವನಿಗೆ ಎಷ್ಟೋ ಸುಲಭವಾಗುತ್ತಿತ್ತು. ಕಚೇರಿಯ ಗೇಟಿನಿಂದ ಅಕ್ಕನ ಮನೆಗೆ ಅರ್ಧ ಗಂಟೆಯ ನಡಿಗೆ. ಬಸ್ಸು ಬಿಟ್ಟು ನಡೆದೇ ಹೋದ. ಕಾಲುದಾರಿಯ ಕಲ್ಲುಗಳನ್ನು ಕಿತ್ತು ಪೈಪು ಹೂಳುತ್ತಿದ್ದರು. ಹೇಗೆ ಶುರು ಮಾಡಬೇಕು ಎಂದು ಒಂದೊಂದು ಹೆಜ್ಜೆಗೂ ಒಂದೊಂದು ಮಾತು ಜೋಡಿಸಿದ, ಎಲ್ಲದರಲ್ಲೂ ತಾನು ಒಳ್ಳೆಯವನಾಗಿಯೇ ಕಾಣುತ್ತಿದ್ದ.

ಅಕ್ಕನಿಗೆ ಆ ವಾರ ರಾತ್ರಿ ಪಾಳಿ. ಬಾಗಿಲು ತೆರೆದಾಗ ಆಗ ತಾನೇ ಎದ್ದಿದ್ದಳು, ಕೂದಲು ಬಿಚ್ಚಿತ್ತು, ಕೆನ್ನೆಯ ಮೇಲೆ ದಿಂಬಿನ ಗೆರೆಯಿತ್ತು. ಈ ಹೊತ್ತಿನಲ್ಲಿ ಬಂದಿದ್ದೀಯಲ್ಲ, ಊಟ ಆಯ್ತಾ ಎಂದಳು. ಅವಳ ಹಾಸಿಗೆ ಈಗ ಮುಂದಿನ ಕೋಣೆಯಲ್ಲಿ, ಕಿಟಕಿಯ ಕೆಳಗೆ. ಅಡುಗೆಮನೆಯ ಕಟ್ಟೆಯ ಮೇಲೆ ಭಾವನ ರಾತ್ರಿಯ ತಟ್ಟೆ ಆಗಲೇ ಮುಚ್ಚಿಟ್ಟಿತ್ತು. ಅವರು ಬರುವ ಹೊತ್ತಿಗೆ ತಾನು ಎದುರಿಗೆ ಇರಬಾರದೆಂದು ಅವಳು ಮೊದಲೇ ಎಲ್ಲ ಮಾಡಿಟ್ಟು ಆಸ್ಪತ್ರೆಗೆ ಹೊರಡುತ್ತಾಳೆ. ಗೋಡೆಯ ಬದಿಯಲ್ಲಿ ಒಂದು ಸೂಟ್‌ಕೇಸು ತೆರೆದುಕೊಂಡು ಬಿದ್ದಿತ್ತು. ಅದನ್ನು ಅವನು ನೋಡಿದ್ದನ್ನು ಅವಳು ನೋಡಿದಳು.

"ಹಾಸ್ಟೆಲ್ಲಿನಲ್ಲಿ ರೂಮ್ ಕೇಳಿದೀನಿ," ಎಂದಳು. "ನರ್ಸುಗಳದ್ದು. ತಿಂಗಳ ಕೊನೆಗೆ ಕೊಡ್ತಾರಂತೆ. ನಿನಗೆ ಹೇಳಬೇಕು ಅಂತಲೇ ಇದ್ದೆ."

ಅವನು ಕೂತ. ಅವಳು ಕೂದಲು ಸುತ್ತಿ ಗಂಟು ಹಾಕುತ್ತ ಮಾತಾಡಿದಳು, ದನಿ ಏರಿಸದೆ, ವಾರ್ಡಿನಲ್ಲಿ ರೋಗಿಯ ವಿಷಯ ಮುಂದಿನ ಪಾಳಿಯವಳಿಗೆ ಒಪ್ಪಿಸುವ ಹಾಗೆ. ಮಗು ಹೋದದ್ದಕ್ಕಲ್ಲ ಎಂದಳು. ಆಸ್ಪತ್ರೆಯಲ್ಲಿ ದಿನಾ ಹೋಗುವುದನ್ನು ನೋಡುತ್ತೇನೆ, ಅದನ್ನು ಹೇಗಾದರೂ ತಡೆದುಕೊಳ್ಳುತ್ತೇನೆ. ಬೇಡವಾಗಿದ್ದರೆ ಬೇಡ ಎನ್ನಬಹುದಿತ್ತು. ಕಳಿಸಿದೆ ಎಂದು ನನ್ನ ಮುಖ ನೋಡಿ ಹೇಳಿ, ನಾನು ಮಂಚಕ್ಕೆ ಜಾಗ ಅಳೆಯುವಾಗ ಟೇಪಿನ ಇನ್ನೊಂದು ತುದಿ ಹಿಡಿದುಕೊಂಡಿದ್ದರಲ್ಲ, ಅದನ್ನು ನುಂಗಲಾಗುವುದಿಲ್ಲ. ಆಮೇಲೆ ಅವನ ಕಡೆ ತಿರುಗಿದಳು. "ನೀನು ನೋಡಿ ಹೇಳದೇ ಇದ್ದಿದ್ರೆ ನಾನು ಇನ್ನೂ ನಂಬಿಕೊಂಡೇ ಇರ್ತಿದ್ದೆ. ಪುಣ್ಯ, ನೀನಿದ್ದೆ."

ತಲೆ ನೇವರಿಸುವುದೊಂದು ಬಾಕಿ. ದಾರಿಯಲ್ಲಿ ಕಂಡ ಚಿತ್ರ ಹಾಗೆಯೇ ಎದುರಿಗಿತ್ತು, ಅವನು ಕಾಲಿಟ್ಟರೆ ಸಾಕು. ಅವಳ ಕತ್ತಿನ ಮೂಳೆ ಎದ್ದು ಕಾಣುತ್ತಿತ್ತು. ಒಂದು ತಿಂಗಳಲ್ಲಿ ಇಷ್ಟು ಇಳಿದಿದ್ದಾಳಲ್ಲ, ತಾನು ಗಮನಿಸಲೇ ಇಲ್ಲವಲ್ಲ ಎನ್ನಿಸಿತು. ಟೇಪಿನ ತುದಿ ಹಿಡಿದ ಭಾವ, ನೆಲ ನೋಡುತ್ತ ಮೆಟ್ಟಿಲ ಮೇಲೆ ಕೂತ ಭಾವ, ಕೈಯಲ್ಲಿ ತುತ್ತು ಹಿಡಿದುಕೊಂಡ ಭಾವ. ಎಲ್ಲರೂ ಹಾಗೇ ಹೇಳ್ತಾರೆ ಭಾವ. ಬಾಯಿ ತೆರೆದಾಗ ಏನು ಹೇಳುತ್ತೇನೆಂದು ಅವನಿಗೇ ಗೊತ್ತಿರಲಿಲ್ಲ.

"ಅಕ್ಕ, ಭಾವ ಕಳಿಸಿದ್ರು. ಹನ್ನೊಂದನೇ ತಾರೀಖೇ ಕಳಿಸಿದ್ರು. ತಪ್ಪು ನನ್ನದು."

ಮಿಕ್ಕದ್ದನ್ನೂ ಹೇಳಿದ. ಹಳೆಯ ಸರ್ವರನ್ನು ಪಟ್ಟಿಯಲ್ಲಿ ಬಿಟ್ಟದ್ದು, ಅದಕ್ಕೆ ಹೇಳಬೇಕಾದ ಮಾತು ಮರೆತದ್ದು, ಅಲ್ಲಿ ನೋಡದೆ ಖಂಡಿತ ಎಂದದ್ದು. ಅಲ್ಲಿಯವರೆಗೆ ಹೇಳಿದ್ದೆಲ್ಲ ಸತ್ಯವೇ. ಅವಳು ಗಂಟು ಹಾಕಿದ ಕೈಗಳನ್ನು ತಲೆಯ ಮೇಲೆಯೇ ಇಟ್ಟುಕೊಂಡು ಕೇಳುತ್ತಿದ್ದಳು.

"ಹೂಂ ಅಂತಲೇ ಬರೆದಿದ್ರಾ?"

"ಹೂಂ ಅಂತಲೇ."

"ನೀನು ಓದಿದೆಯಾ?"

"ಓದಿದೆ."

ಎರಡು ಮಾತು. ಹೇಳಿದ ಮೇಲೆ ಮನೆಯಲ್ಲಿ ಏನೂ ಬೀಳಲಿಲ್ಲ, ಏನೂ ಒಡೆಯಲಿಲ್ಲ. ಅಕ್ಕ ಕೈಗಳನ್ನು ಕೆಳಗಿಳಿಸಿದಳು. ಅದನ್ನು ನನಗೆ ತೋರಿಸು ಎಂದಳು. ಅವರು ಹೇಗೆ ಬರೆದಿದ್ದಾರೆ ಅಂತ ಒಂದು ಸಲ ಓದುತ್ತೇನೆ, ಅಷ್ಟೇ. ಅವನು ಅಳಿಸಿ ಹೋಯಿತು ಎಂದ. ಯಾರು ಅಳಿಸಿದ್ದು ಎಂದಳು. ನಾನೇ ಎಂದ. ಹೆದರಿಕೆಯಾಯಿತು, ಸಿಕ್ಕಿಹಾಕಿಕೊಳ್ಳುತ್ತೇನೆ ಅಂತ ಅಳಿಸಿದೆ, ಆಮೇಲೆ ತಡೆಯಲಾಗದೆ ಬಂದೆ. ಒಂದು ಸುಳ್ಳಿಗೆ ಇನ್ನೊಂದು ಎಷ್ಟು ಸಲೀಸಾಗಿ ಬರುತ್ತದೆ ಎಂದು ಅವನಿಗೇ ಆಶ್ಚರ್ಯ. ಅಳಿಸಿದವನು ಎಂದು ಹೇಳಿಕೊಂಡಾಗ ಅವಳ ಮುಖದಲ್ಲಿ ಬಂದದ್ದನ್ನು ಅವನು ಮುಂಚೆ ನೋಡಿರಲಿಲ್ಲ. ಸಿಟ್ಟಲ್ಲ ಅದು. ರಸ್ತೆಯಲ್ಲಿ ಮೈಗೆ ತಾಗಿದ ಅಪರಿಚಿತರನ್ನು ನೋಡುವ ನೋಟ. ಅವಳು ಬೈಯಲಿಲ್ಲ. ಬಾಗಿಲ ಕಡೆ ಹೋಗಿ ಚಿಲಕದ ಮೇಲೆ ಕೈಯಿಟ್ಟು, ನಾನು ಮುಖ ತೊಳ್ಕೋಬೇಕು, ನೀನು ಹೋಗು ಎಂದಳು. ಅವನು ಚಪ್ಪಲಿ ಹಾಕಿಕೊಳ್ಳುವಾಗ ಎಡದ್ದು ಬಲಕ್ಕೆ ಹೋಯಿತು. ಅವಳು ನೋಡುತ್ತಲೇ ನಿಂತಿದ್ದಳು, ಬಾಗಿ ಸರಿ ಮಾಡಲಿಲ್ಲ.

ಬೀದಿಯ ಮೂಲೆಯಿಂದ ಭಾವನಿಗೆ ಫೋನ್ ಮಾಡಿ, ಒಪ್ಪಿಗೆ ಅಂತ ಬರೆದಿದ್ರಿ ಎಂದು ಹೇಳಿದ್ದೇನೆ, ಮೇಲ್ ಅಳಿಸಿ ಹೋಗಿದೆ ಎಂದೂ ಹೇಳಿದ್ದೇನೆ ಎಂದ. ಆ ಕಡೆ ಕಪಾಟಿನ ಬಾಗಿಲು ಮುಚ್ಚಿದ ಸದ್ದು ಕೇಳಿತು.

"ಯಾಕೋ ಹಾಗೆ ಮಾಡಿದೆ?" ಎಂದರು ಭಾವ. "ಅವಳು ನನ್ನ ಹತ್ತಿರ ಬಂದು ಕೂತ್ಕೋತಾಳೆ ಈಗ. ನಾನು ಏನು ಮಾಡಲಿ?"

ಬಸ್ಸು ಬಂತು ಭಾವ ಎಂದು ಫೋನ್ ಇಟ್ಟ. ಬಸ್ಸು ಬಂದಿರಲಿಲ್ಲ.

ಆಫೀಸಿಗೆ ಬಂದಾಗ ನಾಲ್ಕು ಮೂವತ್ತೈದು. ಪಕ್ಕದ ಮೇಜಿನವಳು ಹೊಟ್ಟೆ ಹೇಗಿದೆ ಎಂದಳು, ಪರವಾಗಿಲ್ಲ ಎಂದ. ಮೊದಲು ಪಟ್ಟಿಯಿಂದ ಇಪ್ಪತ್ತನೆಯ ನಂಬರನ್ನು ತೆಗೆದ. ಹತ್ತು ಒಂದೇ ಉಳಿಯಿತು. ಆಮೇಲೆ ಡಾಕ್ಟರಿನ ಮೂರು ರಿಪೋರ್ಟು, ಶಾಲೆಯವರದು, ಹಳೆಯ ಬಟ್ಟೆಯವರದು, ಒಂದೊಂದಾಗಿ ಅರವತ್ತೆರಡನ್ನು ಹೊಸ ಸರ್ವರಿಗೆ ದಾಟಿಸಿದ. ಕಾರ್ಯದರ್ಶಿಗೂ ಯಜಮಾನರಿಗೂ ಒಟ್ಟಿಗೇ ಬರೆದ: ನನ್ನ ತಪ್ಪಿನಿಂದ ಎರಡು ತಿಂಗಳು ಕೆಲವು ಮೇಲ್‌ಗಳು ತಲುಪಿಲ್ಲ, ಡಾಕ್ಟರು ಅಡ್ರೆಸ್ ಸರಿಯಾಗಿಯೇ ಬರೆದಿದ್ದರು. ನಾಳೆ ಯಜಮಾನರು ಕರೆಯುತ್ತಾರೆ. ಕರೆಯಲಿ. ಅರವತ್ತಮೂರನೆಯದು ಒಂದೇ ಉಳಿಯಿತು. ಗಡಿಯಾರದಲ್ಲಿ ಇನ್ನೂ ನಾಲ್ಕು ನಿಮಿಷ. ಓದೋಣವೇ ಎಂದುಕೊಂಡ. ಓದಿದೆ ಎಂದು ಹೇಳಿದ್ದಾಗಿದೆ, ಓದಿದರೆ ಆ ಒಂದು ಸುಳ್ಳಾದರೂ ಕಡಿಮೆಯಾಗುತ್ತದೆ. ಬೆರಳನ್ನು ಅದರ ಮೇಲೆ ಒಯ್ದು, ಮತ್ತೆ ಹಿಂದಕ್ಕೆ ತಂದು, ತೊಡೆಯ ಕೆಳಗೆ ಎರಡೂ ಕೈಗಳನ್ನು ಇಟ್ಟುಕೊಂಡು ಕೂತ. ಐದಾಯಿತು. ಪರದೆಯಲ್ಲಿ ಸಂಪರ್ಕ ಕಡಿದಿದೆ ಎಂಬ ಸಾಲು ಬಂತು. ಅವನು ಕಂಪ್ಯೂಟರ್ ಆರಿಸಿದ.

ಫೋನ್ ಬಂದದ್ದು ಆಮೇಲೆ, ಅವನು ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿಯುತ್ತಿದ್ದಾಗ. ಅಕ್ಕ. ಇಷ್ಟು ಹೊತ್ತಿಗೆ ಅವಳು ಆಸ್ಪತ್ರೆಯ ಬಸ್ಸಿನಲ್ಲಿರಬೇಕಿತ್ತು. ಹಿಂದೆ ಪಾತ್ರೆಯ ಸದ್ದು ಕೇಳುತ್ತಿತ್ತು, ಒಲೆಯ ಮೇಲೆ ಏನೋ ಕುದಿಯುತ್ತಿತ್ತು.

"ಯಾವ ತಾರೀಖು ಅಂದೆ?"

"ಹನ್ನೊಂದು."

"ಎಷ್ಟು ಗಂಟೆಗೆ? ಅದು ಗೊತ್ತಾಗುತ್ತಾ ನಿಮಗೆ?"

"ಒಂಬತ್ತು ಗಂಟೆ ಎಂಟು ನಿಮಿಷಕ್ಕೆ."

ಅವಳು ಮನಸ್ಸಿನಲ್ಲೇ ಏನೋ ಕೂಡಿಸಿಕೊಳ್ಳುತ್ತಿದ್ದಳು. ಅವರ ಆಫೀಸು ತೆರೆಯುವುದೇ ಒಂಬತ್ತಕ್ಕೆ ಎಂದಳು, ಅವನಿಗಲ್ಲ, ತನಗೇ.

"ಹೋದ ತಕ್ಷಣ ಕಳಿಸಿದಾರೆ, ನೋಡು. ಕೂತವರೇ ಕಳಿಸಿದಾರೆ. ಒಂದು ಗಳಿಗೆ ಕೂಡ ಯೋಚನೆ ಮಾಡಿಲ್ಲ."

ಅವನು ಮೆಟ್ಟಿಲಿನ ಕಂಬಿ ಹಿಡಿದುಕೊಂಡ. ಅವಳ ಬದಿಯಲ್ಲಿ ಗೇಟು ಕಿರುಗುಟ್ಟಿತು. ಬಂದರು ಅಂತ ಕಾಣುತ್ತೆ ಎಂದಳು. ಅವಳ ದನಿಯಲ್ಲಿ ಒಂದು ತಿಂಗಳಿಂದ ಇಲ್ಲದ ಜೀವವಿತ್ತು, ಮದುವೆಯಾದ ಹೊಸದರಲ್ಲಿ ಹೀಗೇ ಮಾತಿನ ಮಧ್ಯೆ ಗೇಟಿನ ಕಡೆ ತಿರುಗುತ್ತಿದ್ದಳು. ಇಡುವ ಮೊದಲು, ಮರೆತದ್ದೇನೋ ನೆನಪಾದವಳಂತೆ, ದನಿ ತಗ್ಗಿಸಿ ಹೇಳಿದಳು.

"ನಿನ್ನ ಮಾತ್ರ ನಾನು ಯಾವತ್ತೂ ಕ್ಷಮಿಸಲ್ಲ ಕಣೋ."

"ಆಗಲಿ ಅಕ್ಕ," ಎಂದ. ಅಷ್ಟರಲ್ಲಿ ಅವಳು ಬಾಗಿಲು ತೆಗೆಯುವುದಕ್ಕೆ ಹೋಗಿಯಾಗಿತ್ತು.